ಲಯ

ಅಂಟಿಕೊಳ್ಳುವಿಕೆ, ಕರಗಿ ಒಂದಾಗುವಿಕೆ ಎಂಬರ್ಥದ ‘ಲೀ’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿ, ಪುರಾಣದಲ್ಲಿ ವಿನಾಶವನ್ನೂ ಸಂಗೀತದಲ್ಲಿ ವಿಲಂಬಿತ, ಮಧ್ಯ, ದ್ರುತವೆಂಬ ಕಾಲಗತಿಯನ್ನೂ ಸೂಚಿಸುವ ‘ಲಯ’ ಶಬ್ದವು, ಸೈಕಲ್ ಸವಾರನ ತುಳಿತದ ಗತಿಗೂ ಸರ್ವಥಾ ಸಲ್ಲತಕ್ಕದ್ದು. ಈ ಗತಿಗೆ ಆಂಗ್ಲರು ಬಳಸುವ ‘ಕೇಡೆನ್ಸ್’ ಶಬ್ದವು ಬೀಳುವಿಕೆಯನ್ನು ಹೇಳುವ ಲ್ಯಾಟಿನ್ ಮೂಲದಿಂದ ಬಂದುದು. ನಮ್ಮದೇ ಹೆಚ್ಚು ಒಪ್ಪುವ ಮಾತೆಂದು ನನ್ನ ಮತ. ಏಕೆಂದರೆ, ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಉದಕಮಂಡಲಕ್ಕೆ ಹೋಗುವ ಹಾದಿಯ ಸಮತಲದಲ್ಲಿ ನಿಮಿಷಕ್ಕೆ 80–90 ಸುತ್ತು ತುಳಿದ ಸವಾರನು, ಮಸಿನಗುಡಿಯಾಚೆ ಕಲ್ಲಟ್ಟಿಯ 36 ತಿರುವುಗಳ ಏರು ಎದುರಾದೊಡನೆ ಗೇರನ್ನು ಹಗುರಗೊಳಿಸಿ 60–70ರ ವಿಲಂಬಿತಕ್ಕೆ ಬರುವನು. ಗೇರು ಭಾರವಾದರೆ ಮೊಣಕಾಲು ನೋಯುವುದು, ತೀರ ಹಗುರವಾದರೆ ಉಸಿರು ಕೆಡುವುದು, ಕಾಲೂ ಉಸಿರೂ ಒಂದರೊಳಗೊಂದು ಲೀನವಾಗುವ ಗತಿಯೇ ಲಯ. ಕನ್ನಡದ ಸವಾರರು ಈ ಶಬ್ದವನ್ನೇ ಬಳಸಲಿ.