ಜಾತಕದಿಂದ ಪ್ರೊಫೈಲ್ ತನಕಾ: ಹುಡಗಿ ಬಗ್ಗೆ ಬರದವರು ಯಾರು?

ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡು ಅನ್ನೋ ಗಾದಿ ನಮ್ಮೆಲ್ಲಾರ ಮನ್ಯಾಗೂ ಅದ. ಆ ಸುಳ್ಳು ಹೇಳೋ ಜಾಗಾ ಮಾತ್ರ ಕಾಲಕಾಲಕ್ಕ ಬದಲಾಗೇದ. ಮೊದಲ ಪಡಸಾಲಿ ಜಮಖಾನಿ ಮ್ಯಾಲೆ ಕೂತು ಹೇಳತಿದ್ದರು, ಆಮ್ಯಾಲೆ ಪೇಪರಿನಾಗ ಹೇಳಿದರು, ಈಗ ಮೊಬೈಲಿನಾಗ ಹೇಳತಾರ. ನಮ್ಮ ಬಳಗದಾಗ ಈಗ ಪ್ರೊಫೈಲ್ ಬರಿಯೋ ವಯಸ್ಸಿನ ಹುಡಗ್ಯಾರು ನಾಕೈದು ಮಂದಿ ಇದ್ದಾರ. ಅವರಕಿಂತ ಹೆಚ್ಚು ತಲಿ ಕೆಡಿಸಿಕೊಂಡವರು ಅವರ ಅವ್ವಂದಿರು ಮತ್ತ ನಮ್ಮಂಥಾ ಮೌಶಿಗೋಳು. ಹಿಂಗಾಗಿ ಈ ಸಲ ಅದರದೇ ಕಥಿ.

ನಮ್ಮ ಅಜ್ಜಿ ಕಾಲಕ್ಕ ಪ್ರೊಫೈಲ್ ಅಂದ್ರ ಜಾತಕ. ನಕ್ಷತ್ರ, ರಾಶಿ, ಗಣ, ನಾಡಿ ಅಂತ ಎಂಟು ಕೂಟ, ಎಲ್ಲಾ ಸೇರಿ 36 ಗುಣ. 18 ಕೂಡಿದರ ಮುಂದಿನ ಮಾತು. ಇದರಾಗ ಹುಡಗಿ ಹೆಂಗಿದ್ದಾಳ, ಏನು ಇಷ್ಟಪಡತಾಳ ಅಂತ ಒಂದು ಅಕ್ಷರಾನೂ ಇರತಿದ್ದಿಲ್ಲ. ಇರಲಿಕ್ಕೆ ಹೆಂಗ ಸಾಧ್ಯ? ಮೈಸೂರು ಸಂಸ್ಥಾನದಾಗ 1894ರಾಗ ಒಂದು ಕಾಯದೆ ಮಾಡಿದರು. 8 ವರ್ಷದ ಒಳಗಿನ ಹುಡಗಿ ಮದುವಿ ಮಾಡಬಾರದು, 50 ದಾಟಿದ ಗಂಡಸು 14ರ ಒಳಗಿನ ಹುಡಗಿನ್ನ ಮದುವಿ ಆಗಬಾರದು ಅಂತ. ಹಂಗ ಬರದು ಹೇಳಬೇಕಾತು ಅಂದ್ರ ನಡಿಯೋದು ಏನಿತ್ತು ಅಂತ ನೀವೇ ತಿಳಕೋರಿ. ನಮ್ಮ ಧಾರವಾಡ ಆಗ ಮುಂಬಯಿ ಪ್ರಾಂತ್ಯದಾಗಿತ್ತು. ನಮಗ ಲಾಗೂ ಆದದ್ದು 1929ರ ಶಾರದಾ ಕಾಯದೆ, ಹುಡಗಿಗೆ 14, ಹುಡಗಗ 18. ಅದು 18 ಮತ್ತ 21 ಆಗಿದ್ದು 1978ರಾಗ. ಪರಕಾರ ಹಾಕೊಳ್ಳೋ ವಯಸ್ಸಿನ ಕೂಸು ತನ್ನ ಬಗ್ಗೆ ಏನ ಬರದೀತು? ಹುಡಗಿ ವಯಸ್ಸು ಏರಿದ ಮ್ಯಾಲೆನೇ ಆಕಿ ಬಗ್ಗೆ ಹೇಳೋ ಮಾತೂ ಬೆಳದಾವು.

ಪೇಪರಿನಾಗ ಜೋಡಿ ಹುಡಕೋದು ನಾವು ಕಂಡುಹಿಡದಿದ್ದಲ್ಲ. 1695ರಾಗ ಲಂಡನ್ನಿನಾಗ ಜಾನ್ ಹೌಟನ್ ಅನ್ನಾವ ಒಕ್ಕಲುತನ, ವ್ಯಾಪಾರದ ವಾರಪತ್ರಿಕಿ ನಡಸತಿದ್ದ. ಅದರಾಗ ಒಬ್ಬ ಗಂಡಸು, ವಯಸ್ಸು ಸುಮಾರು 30, ಛಲೋ ಆಸ್ತಿ ಅದ, ಸುಮಾರು 3,000 ಪೌಂಡ್ ಇದ್ದ ತರುಣಿ ಬೇಕು ಅಂತ ಹಾಕಿಸಿದ್ದ. ಹೆಸರಿಲ್ಲ, ಸ್ವಭಾವ ಇಲ್ಲ, ಬರೇ ವಯಸ್ಸು ಮತ್ತ ರೊಕ್ಕ. ಮುನ್ನೂರು ವರ್ಷದ ಮ್ಯಾಲೆ ನಮ್ಮ ರವಿವಾರದ ಪುರವಣಿ ತಗದರೂ ಅದೇ ಧಾಟಿ ಕಾಣತಿತ್ತು.

ನಮ್ಮ ಪೇಪರಿನ 'ವಧು ಬೇಕು, ವರ ಬೇಕು' ಕಾಲಮ್ಮು ನಿಮಗ ನೆನಪಿರಬೇಕು. ಶಬ್ದಕ್ಕಿಷ್ಟು, ಸಾಲಿಗಿಷ್ಟು ಅಂತ ರೊಕ್ಕ ಕೊಡಬೇಕಾಗಿತ್ತು, ಅದಕ್ಕ ಇದ್ದದ್ದನ್ನೆಲ್ಲಾ ನಾಕು ಶಬ್ದಕ್ಕ ಹಿಂಡತಿದ್ದರು. ಹಿಂಡಿ ಹಿಂಡಿ ಅಲ್ಲೇ ಒಂದು ಹೊಸ ಭಾಷಾನೇ ಹುಟ್ಟಿತು. 'ಹೋಮ್ಲಿ' ಅಂದ್ರ ಎದುರು ಮಾತಾಡಂಗಿಲ್ಲ. 'ವೀಟಿಶ್' ಅಂದ್ರ ಕಪ್ಪು ಅನ್ನಲಿಕ್ಕೆ ಅಪ್ಪಗ ಧೈರ್ಯ ಇಲ್ಲ. 'ಇನ್ನೊಸೆಂಟ್ ಡಿವೋರ್ಸಿ' ಅಂದ್ರ ತಪ್ಪು ನಮ್ಮ ಹುಡಗೀದಲ್ಲ. ಗಂಡಿನ ಕಡಿಯವರಿಗೆ ಈ ಕಡೇ ಶಬ್ದ ಬರಸೋ ಹಂಗಾಮಾನೇ ಬೀಳತಿದ್ದಿಲ್ಲ! 'ಡೀಸೆಂಟ್ ಮ್ಯಾರೇಜ್' ಅಂದ್ರ ಏನಂತ ನಮಗೆಲ್ಲಾ ಗೊತ್ತದ. ವರದಕ್ಷಿಣಾ ಕಾಯದೆ 1961ರಾಗ ಬಂತು. ಜಾಹೀರಾತಿನಾಗ ಮದುವಿ ಸಲುವಾಗಿ ಆಸ್ತಿ, ರೊಕ್ಕ ಕೊಡತೇವಿ ಅಂತ ಹಾಕಬಾರದು ಅಂತ 1986ರಾಗ ಅದಕ್ಕ ಹೊಸಾ ಕಲಮು ಸೇರಿಸಿದರು. ರೊಕ್ಕದ ಮಾತು ಹೋತು, 'ಡೀಸೆಂಟ್' ಉಳೀತು.

ಪೇಪರಿಗೆ ಹಾಕೋದು ಕಡಿಮಿ ಅನ್ನೋ ನಮ್ಮಂಥಾ ಮನಿಗೋಳು ಬಯೋಡಾಟಾ ಟೈಪ್ ಮಾಡಿಸಿ, ಝೆರಾಕ್ಸ್ ತಗಸಿ, ಸ್ಟುಡಿಯೋದಾಗಿನ ಫೋಟೋ ಜೋಡಿ ಹಂಚತಿದ್ದರು. ನನ್ನದು ನಮ್ಮ ಕಾಕಾ ಬರದಿದ್ದರು. 'ಹವ್ಯಾಸ: ಕಸೂತಿ, ರಂಗೋಲಿ' ಅಂತಿತ್ತು. ಕಸೂತಿ ಸೂಜಿ ನಾ ಇವತ್ತಿಗೂ ಹಿಡದಾಕಿ ಅಲ್ಲ. ಲಗ್ನ ಆಗಿ ಮೊದಲನೇ ದೀಪಾವಳಿಗೆ ನಮ್ಮ ಅತ್ತಿಯವರು ಇಳಕಲ್ ಸೀರಿ ಮುಂದಿಟ್ಟು 'ಸೆರಗಿಗೆ ಒಂದು ಗೋಪುರಾ ತಗೀವಾ' ಅಂದಾಗ ನನಗ ಗೊತ್ತಾತು, ಬಯೋಡಾಟಾದಾಗ ನಾ ಯಾರಾಗಿದ್ದೆ ಅಂತ.

ಇನ್ನ ಕಂಪ್ಯೂಟರಿನ ಸುದ್ದಿ. 1965ರಾಗ ಅಮೆರಿಕಾದ ಹಾರ್ವರ್ಡಿನಾಗ ಓದೋ ಹುಡುಗರು 'ಆಪರೇಶನ್ ಮ್ಯಾಚ್' ಅಂತ ಶುರು ಮಾಡಿದರು. ಪ್ರಶ್ನಾದ ಹಾಳಿ ತುಂಬಿ 3 ಡಾಲರ್ ಜೋಡಿ ಕಳಿಸಿದರ ಕಂಪ್ಯೂಟರ್ ಕೂಡೋ ಹೆಸರು ತಗದು ಕೊಡತಿತ್ತು. ನಮ್ಮ ಗುಣಮೇಳನಾನೇ ಅಂತೀರೇನು? ಫರಕ ಒಂದದ. ಇಲ್ಲಿ ಹಾಳಿ ತುಂಬಿದವರು ಮದುವಿ ವಯಸ್ಸಿನ ಹುಡುಗ-ಹುಡಗ್ಯಾರು ತಾವೇ, ಪಂಚಾಂಗ ಅಲ್ಲ, ಕಾಕಾನೂ ಅಲ್ಲ. 1995ರಾಗ ಮ್ಯಾಚ್ ಡಾಟ್ ಕಾಮ್ ಬಂತು. ಆ ದಶಕ ಮುಗಿಯೋದರಾಗ ನಮ್ಮ ದೇಶದಾಗ ಅನುಪಮ್ ಮಿತ್ತಲ್ ಅವರ ಶಾದಿ ಡಾಟ್ ಕಾಮ್, ಮುರುಗವೇಲ್ ಜಾನಕಿರಾಮನ್ ಅವರ ಭಾರತ್ ಮ್ಯಾಟ್ರಿಮೊನಿ ತಲಿ ಎತ್ತಿದವು. ಟಿಂಡರ್ ಬಂದದ್ದು 2012ರಾಗ.

ನಮ್ಮ ಮದುವಿ ಸೈಟುಗಳ ಫಾರಮ್ಮಿನಾಗ ಒಂದು ಪ್ರಶ್ನಾ ಇರತದ: ಈ ಪ್ರೊಫೈಲ್ ಮಾಡಿದವರು ಯಾರು? ತಂದಿ-ತಾಯಿ, ಅಣ್ಣ-ತಮ್ಮ, ಬಳಗದವರು, ಇಲ್ಲಾ ಸ್ವತಃ. ಇಷ್ಟೂ ಇತಿಹಾಸ ಆ ಒಂದು ಪ್ರಶ್ನಾದಾಗ ಅದ. ಅದರ ಕೆಳಗೇ ಬಣ್ಣದ್ದೂ ಒಂದು ಕಾಲಮ್ಮಿತ್ತು. 2020ರ ಜೂನಿನಾಗ ಅಮೆರಿಕಾದಾಗಿರೋ ನಮ್ಮ ಕಡೇ ಹೆಣಮಕ್ಕಳು ದನಿ ಎತ್ತಿದ ಮ್ಯಾಲೆ ಶಾದಿ ಡಾಟ್ ಕಾಮ್‌ದವರು ಮೈಬಣ್ಣ ನೋಡಿ ಸೋಸೋ ಸವಲತ್ತು ತಗದರು. 'ವೀಟಿಶ್' ತಗೀಲಿಕ್ಕೆ ಇಷ್ಟು ವರ್ಷ ಬೇಕಾತು.

ನಮ್ಮ ತಂಗಿ ಮಗಳ ಪ್ರೊಫೈಲ್ ಹೋದ ವರ್ಷ ಆತು. ಮೊದಲ ಬರದಾಕಿ ನಮ್ಮ ತಂಗಿ. 'ಸಿಂಪಲ್, ಹೋಮ್ಲಿ, ಫ್ಯಾಮಿಲಿ ಓರಿಯೆಂಟೆಡ್' ಅಂತ. ಮೊಬೈಲಿನಾಗ ಶಬ್ದಕ್ಕ ರೊಕ್ಕ ಇಲ್ಲ, ಖರೆ, ಪೇಪರಿನ ಚಟಾ ನಮಗ ಬಿಟ್ಟಿಲ್ಲ ನೋಡ್ರಿ. ಹುಡಗಿ ಅದನ್ನೆಲ್ಲಾ ಅಳಿಸಿ ತಾನೇ ಬರದಳು: 'ಮುಂಜಾನೆ ಚಹಾ ಕುಡಿಯೂ ತನಕಾ ಮಾತಾಡಂಗಿಲ್ಲ. ನೌಕರಿ ಬಿಡಂಗಿಲ್ಲ. ರೊಟ್ಟಿ ಬಡಿಯೋದು ಬರಂಗಿಲ್ಲ, ಜೋಡಿ ಕಲಿಯೋರಿದ್ದರ ಕಲೀತೇನಿ. ಅಪ್ಪ ಇಲ್ಲ. ನನ್ನ ಪಗಾರದಾಗ ಅವ್ವನ ಪಾಲು ಲಗ್ನ ಆದ ಮ್ಯಾಲೂ ಇರತದ.'

ತಂಗಿ ಎರಡು ದಿವಸ ಆಕಿ ಕೂಡ ಮಾತು ಬಿಟ್ಟಳು. 'ಕಡೇ ಸಾಲು ತಗಿ, ಲಗ್ನ ಆದ ಮ್ಯಾಲೆ ಹೇಳಿದರಾತು' ಅಂದಳು. 'ಆಮ್ಯಾಲೆ ಹೇಳಿದರ ಅದು ಜಗಳ ಆಗತದ ಅವ್ವಾ, ಈಗ ಹೇಳಿದರ ಬರೇ ಮಾತು' ಅಂದಳು ಹುಡಗಿ. ಸಾಲು ಉಳೀತು. ಮೊದಲ ದಿನಕ್ಕ ಐದಾರು ಬರತಿದ್ದವು, ಈಗ ತಿಂಗಳಿಗೆ ನಾಕು. ಆದ್ರ ಆ ನಾಕು ಮಂದಿ ಆ ಕಡೇ ಸಾಲು ಓದಿ ಬಂದವರು. ಒಬ್ಬಾವ ತನ್ನ ಅವ್ವನ ಔಷಧದ ಖರ್ಚಿನಿಂದಾನೇ ಮಾತು ಶುರು ಮಾಡ್ಯಾನ. ಇನ್ನೂ ಏನೂ ಠರಾವ ಆಗಿಲ್ಲ, ಕೇಳಬ್ಯಾಡ್ರಿ.

ಅದಕ್ಕ ವೈನಿ, ಅಕ್ಕಾ, ಮಗಳ ಪ್ರೊಫೈಲಿಗೆ ಕೂತಾಗ ಫೋನು ಆಕಿ ಕೈಯಾಗ ಕೊಡ್ರಿ. ಮನಿ ವಿಳಾಸ, ಆಫೀಸಿನ ಹೆಸರು, ಫೋನ್ ನಂಬರು ಹಾಕದಂಗ ಮಾತ್ರ ನೋಡಿಕೋರಿ, ಅದು ನಮ್ಮ ಕೆಲಸ. ಗುಣ ಹೇಳೋ ಶಬ್ದ ಎಷ್ಟ ಹಾಕಿದರೂ ಎಲ್ಲಾರದೂ ಒಂದೇ ಕಾಣತದ. ಆಕಿ ದಿನಾ ಮಾಡೋದು, ಬಿಡಲಾರದ್ದು ಒಂದೊಂದು ಬರದರ ಆಕೀನೇ ಕಾಣತಾಳ. ಸಾವಿರ ಸುಳ್ಳಿನ ಗಾದಿ ಮಾಡಿದವರು ಮದುವಿ ಮಾಡಿಸಿ ತಮ್ಮ ಮನಿಗೆ ಹೋದರು. ಸಂಸಾರ ಮಾಡಿದವರು ನಾವು.