ಚತುಃಸೀಮೆಯಲ್ಲಿ ಇಲ್ಲದ ಕೆರೆ: ಕವಲಾಪುರದ ಒಂದು ಪ್ಲಾಟು ಮತ್ತು ಶಾಸನಗಳ ಭೂವ್ಯವಹಾರ

ಸ್ಕ್ರೀನ್ ಮೇಲೆ ಎರಡು ಕಾಗದ ಕಾಣಿಸ್ತಿವೆ ಅಂದುಕೊಂಡಿದ್ದೀನಿ. ಎಡಗಡೆ ಇರೋದು ಒಂದು ಜಾಹೀರಾತು. ಕವಲಾಪುರದ ಹೊರಗೆ, ಸಾಂಗ್ಲಿ–ತಾಸಗಾಂವ ರಸ್ತೆಯಿಂದ ಸ್ವಲ್ಪ ಒಳಗೆ, ‘ತಲಾವ್ ವ್ಯೂ’ ಪ್ಲಾಟುಗಳು, ಕೈಗೆಟುಕುವ ದರ. ಬಲಗಡೆ ಇರೋದು ಅದೇ ಜಮೀನಿನ ಹಳೆಯ ಸಾತ್‌ಬಾರಾ ಉತಾರಾ. ಕರ್ನಾಟಕದವರು ಪಹಣಿ ಅನ್ನುವುದಕ್ಕೆ ಸಮಾನವಾದದ್ದು. ಜಾಹೀರಾತಿನಲ್ಲಿ ನೀಲಿ ಕೆರೆ, ಎರಡು ಬಾತುಕೋಳಿ, ದಡದಲ್ಲಿ ಬೆಂಚು. ಉತಾರಾದಲ್ಲಿ ಕೆರೆ ಎಂಬ ಪದವೇ ಇಲ್ಲ. ಅಲ್ಲಿ ಆರು ಗುಂಟೆ ‘ಪೋಟಖರಾಬಾ’ ಅಂತ ಒಂದು ನಮೂದು ಮಾತ್ರ ಇದೆ, ಅಂದರೆ ಸಾಗುವಳಿಗೆ ಬಾರದ ನೆಲ.

ಈ ಪ್ಲಾಟುಗಳಲ್ಲಿ ಒಂದನ್ನು ನಮ್ಮ ಮನೆಯವರು ಕೊಳ್ಳಬೇಕೋ ಬೇಡವೋ ಅಂತ ನಾಲ್ಕು ತಿಂಗಳಿಂದ ಜಗಳ ನಡೀತಾ ಇದೆ. ಹಾಗಾಗಿ ಈ ಪ್ರಬಂಧದಲ್ಲಿ ನಾನು ತಟಸ್ಥಳಲ್ಲ. ಮೊದಲೇ ಹೇಳಿಬಿಡ್ತೀನಿ.

ನಮ್ಮ ಅಜ್ಜ ತೇರದಾಳದವರು. ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಇವತ್ತಿನ ನಕಾಶೆ ನೋಡಿದವರಿಗೆ ತೇರದಾಳದಿಂದ ಸಾಂಗ್ಲಿಗೆ ಬರೋದು ರಾಜ್ಯ ದಾಟಿದ ಹಾಗೆ ಕಾಣುತ್ತೆ. ಆದರೆ 1948ರಲ್ಲಿ ವಿಲೀನವಾಗುವವರೆಗೆ ತೇರದಾಳ, ಬೆಳಗಾವಿ ಪಕ್ಕದ ಶಹಾಪುರ, ಶಿರಹಟ್ಟಿ ಇವೆಲ್ಲ ಪಟವರ್ಧನರ ಸಾಂಗ್ಲಿ ಸಂಸ್ಥಾನದ ತುಂಡುಗಳೇ. ಕೋರ್ಟಿಗೆ, ಪೇಟೆಗೆ, ಗಣಪತಿ ದರ್ಶನಕ್ಕೆ ಕನ್ನಡ ಮಂದಿ ಇಲ್ಲಿಗೇ ಬರಬೇಕಿತ್ತು. ಇನ್ನೂ ಹಿಂದೆ ಹೋದರೆ, ಶಾಸನಗಳು ಮಿರಿಂಜೆ ಅಂತ ಕರೆಯೋದು ಇದೇ ಮಿರಜನ್ನು. ಕವಲಾಪುರವನ್ನು ಮರಾಠಿಗರು ಬಲ್ಲದ್ದು ಕಾಳೂ-ಬಾಳೂ ಅವಳಿ ಸಹೋದರರ ತಮಾಷಾದಿಂದ. ನನ್ನ ಕಿವಿಗೆ ಮಾತ್ರ ಆ ಹೆಸರಿನಲ್ಲಿ ‘ಕವಲು’ ಕೇಳುತ್ತೆ. ಇದು ನಿರುಕ್ತ ಅಲ್ಲ, ಕನ್ನಡ ಎಂ.ಎ. ಓದೋರ ಚಟ.

ಅಜ್ಜ ಕೊಂಡದ್ದು ಶಾಮರಾವನಗರದಲ್ಲಿ ಎರಡು ಗುಂಟೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ; ನಲವತ್ತು ಗುಂಟೆಗೆ ಒಂದು ಎಕರೆ. ಕರಿಮಣ್ಣಿನ ತಗ್ಗು ಜಾಗ, ಮಳೆ ಬಂದರೆ ನೀರು ಇಳಿಯೋದೇ ಇಲ್ಲ. ಅದಕ್ಕೇ ಅಗ್ಗ. 1947ರ ತುಕಡೇಬಂದಿ ಕಾಯ್ದೆ ಹೊಲವನ್ನು ಸಣ್ಣ ತುಂಡು ಮಾಡಿ ಮಾರೋದನ್ನು ತಡೆದಿತ್ತು. ಹಾಗಾಗಿ ಇಂಥ ಎಷ್ಟೋ ತುಂಡುಗಳು ಸ್ಟ್ಯಾಂಪ್ ಪೇಪರಿನ ಕರಾರಿನ ಮೇಲೆ, ನೋಟರಿ ಮುಂದೆ ಕೈ ಬದಲಾದವು. ಈ ವ್ಯವಹಾರಕ್ಕೆ ಮಹಾರಾಷ್ಟ್ರದಲ್ಲಿ ‘ಗುಂಟೇವಾರಿ’ ಅಂತ ಹೆಸರೇ ಬಿತ್ತು. ಅದನ್ನು ಸಕ್ರಮ ಮಾಡೋದಕ್ಕೆ 2001ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 2021ರಲ್ಲಿ ತಿದ್ದುಪಡಿ ಮಾಡಿ 2020ರ ಕೊನೆಯವರೆಗಿನ ತುಂಡುಗಳಿಗೂ ಅದನ್ನು ಹಿಗ್ಗಿಸಿದರು. ಒಂದು ಕಾಯ್ದೆ ಕೂಡದು ಅಂದದ್ದನ್ನು ಇನ್ನೊಂದು ಕಾಯ್ದೆ ಆಗಲಿ ಬಿಡು ಅಂತು. ನಡುವಿನ ಐವತ್ತು ವರ್ಷ ಬಡವರು ತಗ್ಗಿನಲ್ಲಿ ಮನೆ ಕಟ್ಟಿದರು.

2019ರ ಆಗಸ್ಟ್. ಸಾಂಗ್ಲಿಯಲ್ಲಿ ಕೃಷ್ಣೆಯ ಮಟ್ಟ ಅಳೆಯೋದು 1929ರ ಆಯರ್ವಿನ್ ಸೇತುವೆಯ ಹತ್ತಿರ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. ಆ ಸಲ 57 ಅಡಿ ದಾಟಿತು. 2005ರಲ್ಲಿ ನಮ್ಮ ಮನೆ ಹೊಸ್ತಿಲಿಗೆ ಬಂದು ನಿಂತಿದ್ದ ನೀರು ಈ ಸಲ ಕಿಟಕಿಯ ಮೇಲಿನ ಸಜ್ಜಾ ಮುಟ್ಟಿತು. ನಾವು ವಿಶ್ರಾಮಬಾಗದಲ್ಲಿ ಸಂಬಂಧಿಕರ ಮನೆಗೆ ಹೋದೆವು. ವಿಶ್ರಾಮಬಾಗ ಎತ್ತರದಲ್ಲಿದೆ. ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ, ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದ ವಿಲಿಂಗ್ಡನ್ ಕಾಲೇಜು ಇರೋದು ಅಲ್ಲೇ. ನಮ್ಮ ವಿದ್ಯಾರ್ಥಿಗಳೆಲ್ಲ ಓದುವ ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆದವರು ಒಣ ನೆಲದ ಮೇಲಿದ್ದರು ಅನ್ನೋದು ಆ ವಾರ ನನಗೆ ಹೊಳೆದ ಸಂಗತಿ. ಅಲ್ಲಿನ ದರ ನಮ್ಮಂಥವರಿಗೆ ಆಗ್ಲೂ ಇಲ್ಲ, ಈಗ್ಲೂ ಇಲ್ಲ. 2021ರ ಜುಲೈನಲ್ಲಿ ಮತ್ತೆ ನೀರು ಬಂತು. ಅವತ್ತೇ ಅಪ್ಪ ಅಂದರು: “ಸಾಕವ್ವಾ, ಏರು ಕಡೆ ಹೋಗೂಣು.”

ಕವಲಾಪುರ ಕೃಷ್ಣೆಯ ದಡದಿಂದ ದೂರ, ಎತ್ತರದಲ್ಲಿದೆ. ಹಳೆಯ ವಿಮಾನಪಟ್ಟಿಯ ಜಾಗದಲ್ಲಿ ವಿಮಾನ ನಿಲ್ದಾಣ ಆಗಬೇಕು ಅನ್ನೋ ಕೂಗು ಇದೆ, ಆ ಕೂಗಿನ ಜೊತೆ ದರವೂ ಏರುತ್ತೆ. ನಮ್ಮ ಬಜೆಟ್ಟಿಗೆ ಸಿಕ್ಕದ್ದು ಈ ‘ತಲಾವ್ ವ್ಯೂ’ ಒಂದೇ. ನೋಡೋಕೆ ಹೋದದ್ದು ಏಪ್ರಿಲ್‌ನಲ್ಲಿ. ಕೆರೆ ಎಲ್ಲಿ ಅಂತ ಕೇಳಿದೆ. ಏಜೆಂಟ್ ಕೈ ತೋರಿಸಿದ ಕಡೆ ಬಿರುಕು ಬಿಟ್ಟ ತಗ್ಗು, ನಡುವೆ ಎರಡು ಜಾಲಿ ಗಿಡ. “ಮಳೆಗಾಲದಾಗ ಬರ್ರಿ ತಾಯಿ, ತುಂಬಿರ್ತೈತಿ” ಅಂದ. ಅಮ್ಮ ನನ್ನ ಮುಖ ನೋಡಿದರು. ಮಳೆಗಾಲದಲ್ಲಿ ತುಂಬುವ ತಗ್ಗಿನ ಪಕ್ಕದಿಂದಲೇ ಅಲ್ಲವೇ ನಾವು ಓಡಿಬಂದದ್ದು.

ಈಗ ಶಾಸನಗಳಿಗೆ ಬರ್ತೀನಿ. ತೇರದಾಳದ ಗೊಂಕ ಜಿನಾಲಯಕ್ಕೆ ಸಂಬಂಧಿಸಿದ 12ನೇ ಶತಮಾನದ ಶಾಸನ ನಮ್ಮಲ್ಲಿ ಹಲವರಿಗೆ ಪರಿಚಯ. ಅಜ್ಜನ ಊರಿನದು ಅಂತ ನಾನು ಈ ವಿಷಯಕ್ಕೆ ಬಂದದ್ದು ಅದರಿಂದಲೇ. ಆ ಕಾಲದ ದಾನಶಾಸನಗಳನ್ನು ಸಾಲಾಗಿ ಓದಿದರೆ ಭೂಮಿ ಕೈ ಬದಲಾಗುವ ಕ್ರಮ ಗೊತ್ತಾಗುತ್ತೆ. ಅಳತೆ ಮತ್ತರು, ಕಮ್ಮಗಳಲ್ಲಿ. ಯಾವ ಊರಿನ ಯಾವ ಗಳೆಯಿಂದ ಅಳೆದದ್ದು ಅಂತಲೂ ಹೇಳ್ತಾರೆ, ಯಾಕಂದ್ರೆ ಗಳೆ ಊರಿಂದೂರಿಗೆ ಬೇರೆ. ನಂತರ ಎಲ್ಲೆ. ಮೂಡಣಕ್ಕೆ ಏನು, ತೆಂಕಣಕ್ಕೆ ಏನು. ಅಲ್ಲಿ ಕೆರೆ, ಕೆರೆಯ ಏರಿ, ಕೋಡಿ, ಹಳ್ಳ, ನೆಟ್ಟ ಕಲ್ಲು ಮತ್ತೆ ಮತ್ತೆ ಬರುತ್ತವೆ. ಕೊಡುವುದು ‘ಧಾರಾಪೂರ್ವಕ’, ಅಂದರೆ ನೀರೆರೆದು. ನೆಲ ಕೊಡೋದಕ್ಕೂ ನೀರು ಬೇಕಿತ್ತು.

ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು ಗುಂಪಿನ ಪದಗಳು. ಕೆರೆ ಕಟ್ಟಿಸಿದವನಿಗೋ ಅದನ್ನು ನೋಡಿಕೊಳ್ಳುವವನಿಗೋ ಬಿಟ್ಟ ಭೂಮಿ ಕೆರೆಗೊಡಗೆ, ಕಟ್ಟುಗೊಡಗೆ. ಕೆರೆಯ ಕೆಳಗಿನ ನೆಲದಲ್ಲಿ ಅಥವಾ ಬೆಳೆಯಲ್ಲಿ ಒಂದು ಪಾಲನ್ನು ಕೆರೆಯ ಬಾಬ್ತಿಗೆ ತೆಗೆದಿಡೋದು ಬಿತ್ತುವಟ್ಟ. ಹೂಳು ತೆಗೆಯೋದು, ಏರಿಗೆ ಮಣ್ಣು ಹಾಕೋದು, ತೂಬು ಸರಿಮಾಡೋದು, ಎಲ್ಲದರ ಖರ್ಚು ಅಲ್ಲಿಂದ. ಅಂದರೆ ಕೆರೆಯ ಹತ್ತಿರದ ನೆಲ ದುಬಾರಿ, ಮತ್ತು ಅದರ ಬೆನ್ನಿಗೆ ಒಂದು ಹೊಣೆ ಅಂಟಿಕೊಂಡೇ ಇರುತ್ತಿತ್ತು. ನಮ್ಮ ಜಾಹೀರಾತಿನಲ್ಲಿ ಕೆರೆ ‘ವ್ಯೂ’. ನೋಡಿದರೆ ಸಾಕು, ಹೂಳು ಯಾರು ತೆಗೀತಾರೆ ಅನ್ನೋ ಪ್ರಶ್ನೆ ಇಲ್ಲ.

ಹಳೆಯದನ್ನು ಹೊಗಳಿ ಕೂರೋದು ನನ್ನ ಉದ್ದೇಶ ಅಲ್ಲ. ಶಾಸನದಲ್ಲಿ ಹೆಸರು ಇರೋದು ಕೊಟ್ಟವನದು, ಪಡೆದವನದು, ಸಾಕ್ಷಿ ನಿಂತ ಪ್ರಮುಖರದು. ಮಣ್ಣು ಹೊತ್ತವರ ಹೆಸರು ಹುಡುಕಿದರೆ ಸಿಗೋದು ಕಷ್ಟ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆಸಿಕೊಳ್ಳಿ. ಕೆರೆಗೆ ನೀರು ಬರಲಿ ಅಂತ ಹೋದವಳು ಮನೆಯ ಕಿರಿ ಸೊಸೆ. ಕೆರೆ ಉಳಿಸೋ ಹೊಣೆ ಅಂದಾಗ ಅದು ಯಾರ ತಲೆಗೆ ಬಂತು ಅನ್ನೋದನ್ನು ಜನಪದರು ಶಾಸನಕಾರರಿಗಿಂತ ನೇರವಾಗಿ ಹೇಳಿದ್ದಾರೆ ಅನ್ನೋದು ನನ್ನ ಅಭಿಪ್ರಾಯ.

ಇದು ಗಡಿಯ ಹಳ್ಳಿಯೊಂದರ ಕಥೆ ಅಷ್ಟೇ ಅಂತ ಅನ್ನಿಸಿದರೆ ಬೆಂಗಳೂರಿನತ್ತ ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹೋಗಿ ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ಅನ್ನೋ ಹೆಸರು ಉಳೀತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಕೆರೆಯಿಂದ 75 ಮೀಟರ್ ಬಿಟ್ಟು ಕಟ್ಟಬೇಕು ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟಿತು. ಅಲ್ಲಿ ಕೆಲಸ ಮಾಡುವ ನನ್ನ ಕಾಕಾನ ಮಗ ಕೆರೆ ಪಕ್ಕದ ಫ್ಲಾಟುಗಳ ಫೋಟೋ ಕಳಿಸ್ತಾನೇ ಇದ್ದ. 2022ರ ಸೆಪ್ಟೆಂಬರಿನಲ್ಲಿ ಶ್ರೀಮಂತರ ಬಡಾವಣೆಗಳಿಂದಲೂ ಜನ ಟ್ರ್ಯಾಕ್ಟರ್ ಮೇಲೆ ಹೊರಬಂದದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಸುಮ್ಮನಾದ.

ಮೂರನೇ ಕಾಗದ ತೋರಿಸ್ತೀನಿ. ನಮಗೆ ಕೊಟ್ಟಿರುವ ಖರೀದಿ ಪತ್ರದ ಕರಡು, ಹೆಸರು-ನಂಬರು ಮುಚ್ಚಿದ್ದೀನಿ. ಮರಾಠಿ ಖರೀದಿ ಪತ್ರದಲ್ಲಿ ಇವತ್ತಿಗೂ ‘ಚತುಃಸೀಮಾ’ ಅಂತ ಒಂದು ಭಾಗ ಇರುತ್ತೆ, ಶಾಸನದ ಎಲ್ಲೆಯ ಭಾಗದ ಮೊಮ್ಮಗ ಅನ್ನಬಹುದು. ಇಲ್ಲಿ ಪೂರ್ವಕ್ಕೆ ರಸ್ತೆ. ದಕ್ಷಿಣಕ್ಕೆ, ಉತ್ತರಕ್ಕೆ ಬೇರೆ ಪ್ಲಾಟುಗಳು. ಪಶ್ಚಿಮಕ್ಕೆ ‘ಸದರಿ ಗಟ್ಟಿನ ಉಳಿದ ಕ್ಷೇತ್ರ’. ತಗ್ಗು ಇರೋದು ಪಶ್ಚಿಮಕ್ಕೇ. ಇಲ್ಲಿ ತಲಾವ ಅಂತ ಬರೀರಿ ಅಂತ ನಾನು ಕೇಳಿದೆ. ಏಜೆಂಟ್ ನಕ್ಕ. “ತಲಾವ ಅಂತ ಬರದ್ರ ಬ್ಯಾಂಕ್‌ನವ್ರು ಸಾಲ ಕೊಡೂದುಲ್ಲ ತಾಯಿ. ಬೋರ್ಡಿನ ಮ್ಯಾಲ ಬರದೇವಲ್ಲ, ಸಾಕಲ್ಲ?”

ನನ್ನ ಇಡೀ ವಾದ ಆ ಒಂದು ಮಾತಿನಲ್ಲಿದೆ. ಮಾರುವಾಗ ಅದು ಕೆರೆ, ನೋಂದಾಯಿಸುವಾಗ ಉಳಿದ ಕ್ಷೇತ್ರ, ಕಂದಾಯದ ಲೆಕ್ಕದಲ್ಲಿ ಖರಾಬು. ನಾಳೆ ಯಾರಾದರೂ ಆ ತಗ್ಗಿಗೆ ಮುರ್ರಂ ಸುರಿದು ಇನ್ನೂ ನಾಲ್ಕು ಪ್ಲಾಟು ಮಾಡಿದರೆ, ಅಲ್ಲಿ ನಿಲ್ಲುತ್ತಿದ್ದ ನೀರು ನಮ್ಮ ಅಂಗಳಕ್ಕೆ ಬರುತ್ತೆ. ಅಲ್ಲೊಂದು ಕೆರೆ ಇತ್ತು ಅಂತ ತೋರಿಸೋಕೆ ನಮ್ಮ ಹತ್ತಿರ ಬಾತುಕೋಳಿಯ ಚಿತ್ರ ಬಿಟ್ಟು ಬೇರೆ ದಾಖಲೆ ಇರೋದಿಲ್ಲ.

ಅಮ್ಮನಿಗೆ ಪ್ಲಾಟು ಬೇಡ. ಅಪ್ಪನಿಗೆ ಬೇಕು, ಇನ್ನೊಂದು ಮಳೆಗಾಲ ಶಾಮರಾವನಗರದಲ್ಲಿ ಕಳೆಯೋಕೆ ಅವರಿಗೆ ಧೈರ್ಯ ಇಲ್ಲ. ಇಬ್ಬರದೂ ಸರಿ. ಹೋದ ವಾರ ಅಪ್ಪ ನನ್ನ ಈ ಪ್ರಬಂಧದ ಕರಡು ಓದಿಸಿಕೊಂಡರು, ಬಿತ್ತುವಟ್ಟದ ಭಾಗ ಎರಡು ಸಲ. ಆಮೇಲೆ ಏಜೆಂಟನಿಗೆ ಫೋನ್ ಮಾಡಿ, ತಲಾವ ಬ್ಯಾಡಂದ್ರ ಪಶ್ಚಿಮಕ್ಕ ‘ನೀರು ನಿಲ್ಲುವ ತಗ್ಗು’ ಅಂತಾದ್ರೂ ಬರೀರಿ, ಇಲ್ಲಾಂದ್ರ ಟೋಕನ್ ರೊಕ್ಕ ವಾಪಸ್ ಕೊಡ್ರಿ ಅಂದರು. ಅವನು ವಕೀಲರನ್ನ ಕೇಳಿ ಹೇಳ್ತೀನಿ ಅಂದಿದ್ದಾನೆ. ಬುಧವಾರ ಗೊತ್ತಾಗುತ್ತೆ.

ಇಲ್ಲಿಗೆ ನಿಲ್ಲಿಸ್ತೀನಿ. ಗಳೆಯ ಅಳತೆ ಬಗ್ಗೆ ಸರ್ ಆಗಲೇ ಚಾಟ್‌ನಲ್ಲಿ ಒಂದು ಪ್ರಶ್ನೆ ಹಾಕಿದ್ದಾರೆ, ಅದರಿಂದಲೇ ಶುರು ಮಾಡಬಹುದು.