ಪದ ಪರಿಚಯ: ಸೋಸು

ಹಾಸನದಲ್ಲಿ ಡಿಕಾಕ್ಷನ್, ಚನ್ನರಾಯಪಟ್ಟಣದಲ್ಲಿ ಕಾಯಿಹಾಲು, ಹೊಳೆನರಸೀಪುರದಲ್ಲಿ ಹುಣಸೆರಸ: ಎಲ್ಲವನ್ನೂ ಸೋಸುವುದೇ. ಅರಕಲಗೂಡಿನ ರಾಗಿಹಿಟ್ಟಿಗೆ ಮಾತ್ರ ಜರಡಿ, ಒಂದರಿ ಬೇಕು. ಅಡುಗೆಮನೆಯ ಈ ಕ್ರಿಯಾಪದ ಈಗ ಶಾಲೆ, ಕಚೇರಿ, ಸಾರ್ವಜನಿಕ ವೈಫೈಗಳ ಅಂತರ್ಜಾಲದಲ್ಲಿ ಬೇಡದ ತಾಣಗಳನ್ನು ತಡೆಯುವ 'ಫಿಲ್ಟರ್' ಕೆಲಸಕ್ಕೂ ಹೊಂದುತ್ತದೆ.

ಇಂಥ ಫಿಲ್ಟರಿಗೆ 'ಶೋಧಕ' ಎನ್ನುವವರೂ ಇದ್ದಾರೆ. ಅದರ ಮೂಲ ಸಂಸ್ಕೃತದ 'ಶುಧ್', ಅಂದರೆ ಶುದ್ಧವಾಗು. ಆದರೆ ಕನ್ನಡದಲ್ಲಿ 'ಶೋಧಿಸು' ಎಂದರೆ ಹುಡುಕು ಎಂದೂ ಆಗುತ್ತದೆ. ಗೂಗಲ್ ಕೂಡ ಶೋಧಕವೇ! ಹುಡುಕಿಕೊಡುವುದಕ್ಕೂ ತಡೆಯುವುದಕ್ಕೂ ಒಂದೇ ಹೆಸರಾದರೆ ಓದುಗರು ತಬ್ಬಿಬ್ಬಾಗುತ್ತಾರೆ. 'ಸೋಸು' ಎಂದರೆ ಆ ತೊಡಕಿಲ್ಲ.

ಕಾಲೇಜಿನ ಕಂಪ್ಯೂಟರಿನಲ್ಲಿ ಯಾರೋ ಜೂಜಿನ ತಾಣದ ಹೆಸರು ಬೆರಳಚ್ಚಿಸುತ್ತಾರೆ ಎನ್ನಿ. ಆ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಸರ್ವರ್ ಮೊದಲು ನಿಷಿದ್ಧ ಪಟ್ಟಿ ನೋಡುತ್ತದೆ. ಹೆಸರು ಅಲ್ಲಿದ್ದರೆ ತಾಣದ ಬದಲು ತಡೆಪುಟ ತೆರೆದುಕೊಳ್ಳುತ್ತದೆ. ಅಕ್ಷರ ಮಾತ್ರ ನೋಡಿ ಸೋಸಿದರೆ ಅನ್ಯಾಯವೂ ಆಗುತ್ತದೆ: ಊರಿನ ಹೆಸರಿನೊಳಗೆ ಅಶ್ಲೀಲ ಪದವೊಂದು ಅಡಗಿದೆಯೆಂದು 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ನಿವಾಸಿಗಳಿಗೆ ಎಒಎಲ್ ಎಂಬ ಅಂತರ್ಜಾಲ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ತಾಣವೊಂದನ್ನು ದೇಶಕ್ಕೆಲ್ಲ ಮುಚ್ಚಿಸುವುದು ಬೇರೆ ಮಾತು. ಅದಕ್ಕೆ 'ನಿರ್ಬಂಧ' ಎಂಬ ಪದವೇ ಸರಿ. 'ಸೋಸು' ಎಂದು ಮೆದುಗೊಳಿಸಬಾರದು.